ಅಕ್ಕನನ್ನು ಕೇಳಿ ತೆರೆಯುವ ತಿಜೋರಿ

ಮದುವೆ ಹಾಲ್ ನಡೆಸುವವನಿಗೆ ಪಾರ್ಕಿಂಗು, ಕರೆಂಟು, ಅಡುಗೆಯವರು, ಬಾವಿಯ ನೀರು ಇವೇ ದೊಡ್ಡ ತಲೆನೋವು ಎಂದು ಹೊರಗಿನವರು ತಿಳಿದುಕೊಂಡಿದ್ದಾರೆ. ಅದೆಲ್ಲ ಏನೂ ಅಲ್ಲ. ನಾಲ್ಕು ಬೈದರೆ ಸರಿಯಾಗುವಂಥ ಸಂಗತಿಗಳು. ಬೈಯುವುದು ನನಗೆ ಚೆನ್ನಾಗಿಯೇ ಬರುತ್ತದೆ. ಬಂಟ್ವಾಳದಿಂದ ಬೆಳ್ತಂಗಡಿಯವರೆಗಿನ ಶಾಮಿಯಾನದವರು, ಹೂವಿನವರು, ಡಿಜೆ ಹಾಕುವ ಹುಡುಗರು ಎಲ್ಲರೂ ಇದಕ್ಕೆ ಸಾಕ್ಷಿ ಹೇಳಿಯಾರು. ಆದರೆ ಬೈದು ಸರಿಮಾಡಲಾಗದ ಒಂದು ವಿಷಯ ಹಾಲಿನಲ್ಲಿ ಇರುತ್ತದೆ. ಅದು ಮದುಮಗಳ ಚಿನ್ನ.

ನಮ್ಮ ಕಡೆ ಮದುವೆಯ ಹಿಂದಿನ ಸಂಜೆ ಮೆಹಂದಿ. ಅದೂ ಈಗೀಗ ಹಾಲಿನಲ್ಲೇ. ಹೆಣ್ಣಿನ ಕಡೆಯವರು ಚಿನ್ನ ಹಿಡಿದುಕೊಂಡೇ ಬಂದಿರುತ್ತಾರೆ, ರಾತ್ರಿ ಅಲ್ಲೇ ಉಳಿಯುತ್ತಾರೆ. ನೂರಾರು ಜನ ಓಡಾಡುವ ಜಾಗ. ಯಾರು ಯಾವ ಕಡೆಯವರು ಎಂದು ದೇವರಿಗೇ ಗೊತ್ತಿರಬೇಕು. ಹಾಗಾಗಿ ಮದುಮಗಳ ಕೋಣೆಯ ಹಿಂದಿನ ಚಿಕ್ಕ ಕೋಣೆಯಲ್ಲಿ ಒಂದು ತಿಜೋರಿ, ಅದರ ಬೀಗದ ಕೈ ನಮ್ಮ ಅಕ್ಕನ ಸೊಂಟದಲ್ಲಿ. ಬಂಟ್ವಾಳದ ಹಾಲನ್ನು ಕಟ್ಟಿಸಿದ ನಮ್ಮ ಸೋದರಮಾವ ಮಾಡಿಟ್ಟ ಕ್ರಮ ಅದು. ಅಳಿಯಸಂತಾನದ ಮನೆ ನಮ್ಮದು, ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುವುದು. ಮಾವ ಹಾಲನ್ನು ಅಕ್ಕ, ನಾನು, ತಂಗಿ ಮೂವರಿಗೂ ಬಿಟ್ಟುಹೋದರು, ಬೀಗದ ಕೈಯನ್ನು ಮಾತ್ರ ಹಿರಿಯ ಹೆಂಗಸು ಎಂದು ಅಕ್ಕನ ಕೈಯಲ್ಲೇ ಇಟ್ಟರು. ಮುಂದೆ ನಾವು ಬೆಳ್ತಂಗಡಿಯಲ್ಲಿ ಇನ್ನೊಂದು ಹಾಲ್ ಕಟ್ಟಿಸಿದಾಗ ಅದರ ತಿಜೋರಿಯ ಬೀಗದ ಕೈಯೂ ಯಾರ ಬಾಯಿಂದಲೂ ಒಂದು ಮಾತು ಬರದೆ ಅದೇ ಗೊಂಚಲಿಗೆ ಸೇರಿತು. ಬಂಟ್ವಾಳದ್ದನ್ನು ನಾನು ನೋಡಿಕೊಳ್ಳುವುದು, ಬೆಳ್ತಂಗಡಿಯದ್ದನ್ನು ತಂಗಿ. ಎರಡು ತಿಜೋರಿಗೂ ಅಕ್ಕ.

ಅಕ್ಕನ ಪದ್ಧತಿಯೇ ಬೇರೆ. ಮದುಮಗಳ ಅಮ್ಮ ಚಿನ್ನವನ್ನು ಒಂದು ಬಿಳಿ ಬಟ್ಟೆಯಲ್ಲಿ ಕಟ್ಟಬೇಕು, ಗಂಟು ಅವಳೇ ಹಾಕಬೇಕು. ಒಳಗೆ ಏನು ಉಂಟು, ಎಷ್ಟು ಉಂಟು ಎಂದು ಅಕ್ಕ ಕೇಳುವುದಿಲ್ಲ, ಚೀಟಿ ಬರೆಸುವುದಿಲ್ಲ. ಗಂಟು ಹಾಕುವಾಗ ಆಚೆ ತಿರುಗಿ ಗೋಡೆ ನೋಡುತ್ತಾಳೆ. ಮರುದಿನ ಕೊಡುವಾಗ ಗಂಟು ನಿನ್ನದೇ ಅಲ್ಲವೋ ನೋಡಿಕೋ ಎನ್ನುತ್ತಾಳೆ. ಅಷ್ಟೇ. ಇಷ್ಟು ವರ್ಷಗಳಲ್ಲಿ ಒಬ್ಬಳೂ ಅಲ್ಲ ಎಂದಿಲ್ಲ. ನಾನಾಗಿದ್ದರೆ ಫೋಟೋ ತೆಗೆದು, ತೂಕ ಮಾಡಿಸಿ, ಎರಡೂ ಕಡೆಯವರ ಸಹಿ ಹಾಕಿಸುತ್ತಿದ್ದೆ. ಒಮ್ಮೆ ಹೇಳಿಯೂ ನೋಡಿದ್ದೆ. ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದ ರೀತಿಗೆ ಆ ವಿಷಯ ಮತ್ತೆ ಎತ್ತಲಿಲ್ಲ.

ಬಾವ ತೀರಿಹೋದ ಮೇಲೆ ಅಕ್ಕ ಮೂಡಬಿದಿರೆಯಲ್ಲಿರುವ ಮಗಳ ಮನೆಗೆ ಹೋದಳು. ಮಗಳು ಅಲ್ಲಿ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಮೆಹಂದಿಯ ಸಂಜೆಗೂ ಮದುವೆಯ ಬೆಳಿಗ್ಗೆಗೂ ನಾನು ಕಾರು ಕಳುಹಿಸುವುದು, ಅಕ್ಕ ಬಂದು ತಿಜೋರಿ ತೆಗೆದು ಹೋಗುವುದು, ಹೀಗೆ ಕೆಲವು ವರ್ಷ ನಡೆಯಿತು. ಆಮೇಲೆ ಮೊಣಕಾಲು ಕೈಕೊಟ್ಟಿತು. ಒಂದು ಕಾಲಿಗೆ ಆಪರೇಷನ್ ಆಯಿತು, ಇನ್ನೊಂದು ಅದಕ್ಕಿಂತ ಹೆಚ್ಚು ನೋಯತೊಡಗಿತು. ಆದರೂ ಬರುವುದನ್ನು ಬಿಡಲಿಲ್ಲ. ಒಂದು ದಿನ ಬಂಟ್ವಾಳಕ್ಕೆ ಬರುತ್ತಾ ಸಿದ್ದಕಟ್ಟೆಯ ಹತ್ತಿರ ಕಾರಿನ ಟಯರ್ ಪಂಕ್ಚರ್. ಇಲ್ಲಿ ಮದುಮಗಳು ಅರ್ಧ ಅಲಂಕಾರ ಮಾಡಿಕೊಂಡು ಕೂತಿದ್ದಾಳೆ, ಅವಳ ಸೋದರಮಾವಂದಿರು ನನ್ನ ಮುಖವನ್ನು ತಿಂದುಬಿಡುವ ಹಾಗೆ ನೋಡುತ್ತಿದ್ದಾರೆ. ಅಕ್ಕ ಯಾರದೋ ಆಟೋ ನಿಲ್ಲಿಸಿ ಹತ್ತಿ ಬಂದಳು. ಹಾಲಿನ ಮೆಟ್ಟಿಲುಗಳನ್ನು ಒಂದೊಂದರ ಮೇಲೂ ಕೂತು ಕೂತು ಹತ್ತಿದಳು.

ಮರುದಿನ ಡಾಕ್ಟರು ಅವಳನ್ನು ಚೆನ್ನಾಗಿ ಗದರಿಸಿದರು. ಇನ್ನು ಪ್ರಯಾಣ ಬೇಡ, ಮೆಟ್ಟಿಲು ಬೇಡವೇ ಬೇಡ.

ಆ ವಾರವೇ ನಾನು, ತಂಗಿ ಇಬ್ಬರೂ ಮೂಡಬಿದಿರೆಗೆ ಹೋದೆವು. ತಂಗಿ ನೇರ ಮಾತಿನವಳು, ಲೆಕ್ಕಾಚಾರದವಳು. ಅವಳು ಹೇಳುವುದರಲ್ಲಿ ತಪ್ಪು ಹುಡುಕುವುದು ಕಷ್ಟ. ಬಂಟ್ವಾಳದ ಬೀಗದ ಕೈ ಅಣ್ಣನ ಹತ್ತಿರ, ಬೆಳ್ತಂಗಡಿಯದ್ದು ತನ್ನ ಹತ್ತಿರ ಇರಲಿ, ಅಕ್ಕ ಇನ್ನಾದರೂ ಆರಾಮಾಗಿರಲಿ ಎಂದಳು. ಅಕ್ಕ ಸೊಂಟದಿಂದ ಗೊಂಚಲು ತೆಗೆದು ಚಾಪುಡಿಯ ಡಬ್ಬದ ಪಕ್ಕ ಇಟ್ಟಳು. ಆಮೇಲೆ, ಯಾರಿಗೂ ಅಲ್ಲ ಎಂಬಂತೆ ಹೇಳಿದಳು.

"ತಿಜೋರಿ ಯಾರು ಬೇಕಾದ್ರೂ ತೆಗೀಬಹುದು ಮಾರಾಯ. ಚಿನ್ನ ಇಟ್ಟವಳ ಗಂಟಲಲ್ಲಿ ಊಟ ಇಳೀಬೇಕಲ್ಲ. ನಾನು ಇಷ್ಟು ವರ್ಷ ಮಾಡಿದ್ದು ಅದೊಂದೇ ಕೆಲಸ."

ಆ ಮಾತು ನನ್ನನ್ನು ಚುಚ್ಚಿತು. ಹೌದಲ್ಲ, ಮದುಮಗಳ ಅಮ್ಮಂದಿರನ್ನು ನಾನು ನೋಡಿಲ್ಲವೇ. ಊಟಕ್ಕೆ ಕೂತರೂ ಕಣ್ಣು ಎಲೆಯ ಮೇಲೆ ಇರುವುದಿಲ್ಲ. ಮಗಳು ಎಲ್ಲಿ, ಬ್ಯಾಗ್ ಎಲ್ಲಿ, ಬಾಗಿಲು ಹಾಕಿದೆಯೋ ಎಂದು ತಿರುಗಿ ತಿರುಗಿ ನೋಡುತ್ತಾರೆ. ನಮ್ಮ ಹಾಲಿನಲ್ಲಿ ಅವರು ಕೂತು ಉಣ್ಣುತ್ತಿದ್ದರೆಂದರೆ ಅದು ಅಕ್ಕ ಒಳಗೆ ಕೂತಿದ್ದಾಳೆ ಎಂಬ ಧೈರ್ಯಕ್ಕೆ. ಗೊಂಚಲನ್ನು ನಾನು ಮುಟ್ಟಲಿಲ್ಲ. ತಂಗಿಯೂ ಮುಟ್ಟಲಿಲ್ಲ. ಚಾ ಕುಡಿದು ಇಬ್ಬರೂ ಬರಿಗೈಯಲ್ಲಿ ವಾಪಸಾದೆವು, ದಾರಿಯುದ್ದಕ್ಕೂ ಜಗಳ ಮಾಡಿಕೊಂಡು.

ಸ್ಮಾರ್ಟ್ ತಿಜೋರಿಯ ಯೋಚನೆ ಬಂದದ್ದು ನಮ್ಮ ಸಂಬಂಧಿಕರೊಬ್ಬರ ಬಾಯಿಂದ. ಅವರಿಗೆ ಊರಿನಲ್ಲಿ ಹೋಟೆಲು, ಅವರಿರುವುದು ದುಬೈಯಲ್ಲಿ. ಇಲ್ಲಿ ಮ್ಯಾನೇಜರು ತಿಜೋರಿಗೆ ಬೆರಳು ಇಟ್ಟರೆ ಅಲ್ಲಿ ಅವರ ಫೋನಿಗೆ ಗೊತ್ತಾಗುತ್ತದಂತೆ. ಅವರು ಒಪ್ಪಿಗೆ ಒತ್ತಿದರೆ ಮಾತ್ರ ಬಾಗಿಲು ತೆರೆಯುತ್ತದಂತೆ. ಕೇಳಿದ ಕೂಡಲೇ ನನ್ನ ತಲೆಯಲ್ಲಿ ದೀಪ ಹತ್ತಿತು. ದುಬೈಯಿಂದ ಆಗುತ್ತದಾದರೆ ಮೂಡಬಿದಿರೆಯಿಂದ ಆಗದೆ ಇರುತ್ತದೆಯೇ?

ಅಲ್ಲಿಂದ ಶುರುವಾಯಿತು ನೋಡಿ ತಿಜೋರಿ ಆರಿಸುವ ಸಂಭ್ರಮ. ಹೆಣ್ಣು ನೋಡಲು ಹೋದವರೂ ಇಷ್ಟು ನೋಡಿರಲಾರರು. ಮಾರುವವನು ಒಬ್ಬ ಟೈ ಕಟ್ಟಿದ ಮನುಷ್ಯ, ಬಹಳ ತಾಳ್ಮೆಯವನು, ಇಲ್ಲದಿದ್ದರೆ ನನ್ನ ಜೊತೆ ಬಾಳುತ್ತಿರಲಿಲ್ಲ. ಮೊದಲು ತಂದದ್ದು ಬಹಳ ಚಂದದ, ಸಣ್ಣ, ಹೊಳೆಯುವ ಪೆಟ್ಟಿಗೆ. ನಾನು ಅದನ್ನು ಎರಡು ಕೈಯಲ್ಲಿ ಎತ್ತಿ ಅವನ ಕಾರಿನವರೆಗೂ ನಡೆದು ಹಿಂದಿನ ಸೀಟಿನಲ್ಲಿ ಇಟ್ಟು ಬಂದೆ. ಇಷ್ಟು ವಯಸ್ಸಾದ ನಾನೇ ಎತ್ತಿಕೊಂಡು ಹೋಗುತ್ತೇನೆಂದರೆ ಕಳ್ಳನಿಗೆ ಅದು ಟಿಫಿನ್ ಡಬ್ಬ. ನೆಲಕ್ಕೆ ಬೋಲ್ಟ್ ಹಾಕಿ ಕೂರಿಸುವಂಥದ್ದು ತನ್ನಿ ಎಂದೆ.

ಎರಡನೆಯದು ಮುಖ ನೋಡಿ ತೆರೆಯುವಂಥದ್ದು. ಅದು ತಂಗಿಗೆ ತುಂಬ ಹಿಡಿಸಿತು. ಪರೀಕ್ಷೆಗೆಂದು ಅವಳ ಮುಖವನ್ನೇ ಸೇರಿಸಿದರು, ತೆರೆಯಿತು. ಮರುದಿನ ಹಾಲಿನಲ್ಲಿ ಒಂದು ರಿಸೆಪ್ಷನ್. ತಂಗಿ ಬ್ಯೂಟಿ ಪಾರ್ಲರಿನಿಂದ ನೇರ ಬಂದು ಅದರ ಮುಂದೆ ನಿಂತಳು. ತಿಜೋರಿ ಅವಳನ್ನು ಕಂಡೇ ಇಲ್ಲ ಎಂದಿತು. ನಾನು ನಕ್ಕದ್ದಕ್ಕೆ ಎರಡು ದಿನ ಮಾತು ಬಿಟ್ಟಳು.

ಮೂರನೆಯದಕ್ಕೆ ಮೈಯೆಲ್ಲ ಕಿವಿ. ಯಾರಾದರೂ ಕುಟ್ಟಿದರೆ, ಅಲ್ಲಾಡಿಸಿದರೆ ಕಿರುಚಿಕೊಳ್ಳುತ್ತದೆ, ಮೂವರ ಫೋನಿಗೂ ಕಳ್ಳ ಬಂದ ಎಂದು ಹೇಳಿ ಕಳುಹಿಸುತ್ತದೆ. ಒಳ್ಳೆಯದೇ. ಆದರೆ ಮೆಹಂದಿಯ ಸಂಜೆ ಡಿಜೆಯ ಸದ್ದಿಗೆ ನಮ್ಮ ಗೋಡೆಯ ಗಡಿಯಾರವೇ ನಡುಗುತ್ತದೆ. ಮದುಮಗನನ್ನು ಎದುರುಗೊಳ್ಳುವಾಗ ಚೆಂಡೆಯ ಬಡಿತ ಬೇರೆ. ಅದನ್ನು ಹೇಳಿದಾಗ ಮಾರುವವನು ತಲೆ ಕೆರೆದುಕೊಂಡ. ಬ್ಯಾಂಕಿನವರಿಗೆ, ಪೆಟ್ರೋಲ್ ಬಂಕಿನವರಿಗೆ ಕೊಟ್ಟಿದ್ದೇನೆ ಸರ್, ಚೆಂಡೆಯ ಪ್ರಶ್ನೆ ಇಲ್ಲಿಯತನಕ ಯಾರೂ ಕೇಳಲಿಲ್ಲ ಎಂದ. ಪಾಪ, ಅವನ ತಪ್ಪಲ್ಲ.

ನನ್ನ ಪ್ರಶ್ನೆಗಳು ಅಲ್ಲಿಗೇ ನಿಲ್ಲಲಿಲ್ಲ. ಮಳೆಗಾಲದಲ್ಲಿ ಕರೆಂಟು ಹೋಗಿ ಮೂರು ದಿನ ಬಾರದಿದ್ದರೆ? ಬ್ಯಾಟರಿ ಉಂಟು ಎಂದ. ಬಂಟ್ವಾಳದಲ್ಲಿ ನೆರೆ ಬಂದಾಗ ನೇತ್ರಾವತಿ ಒಮ್ಮೆ ನಮ್ಮ ಕೆಳಗಿನ ಮೆಟ್ಟಿಲಿನವರೆಗೆ ಬಂದು ಕೂತಿದ್ದಳು, ಪುನಃ ಬಂದರೆ? ಎತ್ತರದ ಕಟ್ಟೆ ಮಾಡಿ ಕೂರಿಸುವ ಎಂದ. ಬೆಳ್ತಂಗಡಿಯ ಆ ಹಿಂದಿನ ಕೋಣೆಯಲ್ಲಿ ಫೋನಿಗೆ ಸಿಗ್ನಲ್ ಸಿಗಬೇಕಾದರೆ ಕಿಟಕಿಯ ಹೊರಗೆ ಕೈ ಚಾಚಬೇಕು. ತಿಜೋರಿಗೆ ಕೈ ಎಲ್ಲಿ? ಆಫೀಸಿನ ಇಂಟರ್ನೆಟ್ಟಿನಿಂದ ವಯರ್ ಎಳೆದು ಕೊಡುವ ಎಂದ. ಏನು ಕೇಳಿದರೂ ಅವನ ಹತ್ತಿರ ಒಂದು ಉತ್ತರ. ಕೊನೆಗೆ ಎಲ್ಲವೂ ಕೆಟ್ಟು ಕೂತರೆ ಏನು ಗತಿ ಎಂದದ್ದಕ್ಕೆ, ತುರ್ತಿಗೆಂದು ಎರಡು ನಿಜವಾದ ಬೀಗದ ಕೈ ಕೊಡುತ್ತೇವೆ, ಯಾವ ವಿದ್ಯೆಯೂ ಬೇಡ, ತಿರುಗಿಸಿದರಾಯಿತು ಎಂದು ನಕ್ಕ.

ಕೊನೆಗೆ ಗೊತ್ತು ಮಾಡಿದ್ದು ಒಂದು ಬೂದು ಬಣ್ಣದ, ಭಾರದ, ನೋಡಲು ಏನೂ ಚಂದವಿಲ್ಲದ ತಿಜೋರಿ. ಹಾಲಿನಲ್ಲಿರುವವರು ಬೆರಳು ಇಡಬೇಕು. ದೂರದಲ್ಲಿರುವ ಯಜಮಾನರು ಫೋನಿನಲ್ಲಿ ಹಸಿರು ಒತ್ತಬೇಕು. ಎರಡೂ ಸೇರಿದರೆ ಮಾತ್ರ ಬಾಗಿಲು. ಮೊದಲು ಬೆಳ್ತಂಗಡಿಗೆ ಒಂದು, ಸರಿಹೋದರೆ ಬಂಟ್ವಾಳಕ್ಕೆ ಇನ್ನೊಂದು.

ಯಜಮಾನರ ಹೆಸರು ಎಂದು ಮಾರುವವನು ಕೇಳಿದಾಗ ನಾನು ಅಕ್ಕನ ಹೆಸರು ಹೇಳಿದೆ. ತಂಗಿಯ ಮುಖ ಗಂಟಿಕ್ಕಿತು. ಅಕ್ಕ ಸ್ನಾನಕ್ಕೆ ಹೋಗಿದ್ದರೆ, ನಿದ್ರೆಯಲ್ಲಿದ್ದರೆ, ಫೋನು ಚಾರ್ಜಿಗೆ ಹಾಕಿ ಅಂಗಳಕ್ಕೆ ಹೋಗಿದ್ದರೆ ಏನು ಮಾಡುವುದು ಎಂದಳು. ಸರಿಯಾದ ಪ್ರಶ್ನೆಯೇ. ಮೊದಲೇ ಫೋನ್ ಮಾಡಿ ತಿಳಿಸಿದರಾಯಿತು ಎಂದೆ.

"ಅಣ್ಣ, ನೀನು ತಗೊಳ್ಳುವುದು ತಿಜೋರಿ ಅಲ್ಲ. ಅಕ್ಕನಿಗೆ ಸಮಾಧಾನ."

ನನಗೆ ಸಿಟ್ಟು ನೆತ್ತಿಗೇರಿತು. ಹೌದು, ಸಮಾಧಾನವೇ, ಅದಕ್ಕೇನೀಗ ಎಂದು ಕಿರುಚಿದೆ. ಮಾರುವವನು ತಿಜೋರಿಯ ಹಿಂದೆ ಏನೋ ಹುಡುಕುವವನಂತೆ ಬಗ್ಗಿದ. ಕಡೆಗೆ ಅಣ್ಣ ತಂಗಿಯ ನಡುವೆ ಒಂದು ಒಪ್ಪಂದವಾಯಿತು. ಮೊದಲ ಮದುವೆಯಲ್ಲಿ ನೋಡುವ. ಎಲ್ಲವೂ ಸರಾಗ ನಡೆದರೆ ಅಕ್ಕನೇ ಯಜಮಾನಿ. ಒಂದು ಎಡವಟ್ಟಾದರೂ ಅಕ್ಕನ ಹೆಸರು ತೆಗೆಯುವುದು, ನಾವಿಬ್ಬರು ಮಾತ್ರ. ನಾನು ಆಗಲಿ ಎಂದೆ. ಅಕ್ಕನಿಗೂ ಇದನ್ನು ಮುಚ್ಚಿಡದೆ ಹೇಳಿದೆವು. ಅವಳು ಆಯಿತು ಎಂದಳು, ಆದರೆ ಅವತ್ತಿನಿಂದ ಫೋನನ್ನು ದೇವರ ಕೋಣೆಗೂ ಹಿಡಿದುಕೊಂಡು ಹೋಗತೊಡಗಿದಳು ಎಂದು ಅವಳ ಮಗಳು ನನಗೆ ಹೇಳಿದಳು. ಮೊಮ್ಮಗಳನ್ನು ಕೂರಿಸಿಕೊಂಡು ಹಸಿರು ಎಲ್ಲಿ ಬರುತ್ತದೆ, ಕೆಂಪು ಎಲ್ಲಿ ಬರುತ್ತದೆ ಎಂದು ದಿನಾ ಕೇಳುತ್ತಿದ್ದಳಂತೆ.

ತಿಜೋರಿ ಬಂತು. ನಾಲ್ವರು ಸೇರಿ ಇಳಿಸಿ, ಬೋಲ್ಟ್ ಹಾಕಿ ಕೂರಿಸಿದರು. ತಂಗಿ ಅರಶಿನ ಕುಂಕುಮ ಹಚ್ಚಿ, ಹೂ ಇಟ್ಟಳು. ಹೋಗುವಾಗ ಮಾರುವವನು ತುರ್ತಿನ ಎರಡು ಬೀಗದ ಕೈಗಳನ್ನು ಒಂದು ಲಕೋಟೆಯಲ್ಲಿ ಹಾಕಿ ನನ್ನ ಕೈಗೆ ಕೊಟ್ಟು, ಬಹಳ ಜಾಗ್ರತೆಯ ಜಾಗದಲ್ಲಿ ಇಡಬೇಕು ಸರ್ ಎಂದು ಎರಡೆರಡು ಸಲ ಹೇಳಿದ. ಇಟ್ಟೆ.

ಬೆಳ್ತಂಗಡಿಯಲ್ಲಿ ಆ ತಿಜೋರಿಗೆ ಮೊದಲ ಮದುವೆ ಪುಂಜಾಲಕಟ್ಟೆ ಕಡೆಯವರದ್ದು, ನಾನೂ ಅಲ್ಲೇ ಇದ್ದೆ. ಮದುಮಗಳ ಅಮ್ಮ ಶಾಲೆಯಲ್ಲಿ ಟೀಚರ್, ಗಂಡ ತೀರಿಕೊಂಡ ಮೇಲೆ ಒಬ್ಬರೇ ಮಗಳನ್ನು ಓದಿಸಿ ಬೆಳೆಸಿದವರು. ಮೆಹಂದಿಯ ಸಂಜೆ ಚಿನ್ನ ಇಡಲು ಬಂದವರು ಬೂದು ಪೆಟ್ಟಿಗೆಯನ್ನೂ ನನ್ನನ್ನೂ ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. ಅಕ್ಕ ಇಲ್ಲವಾ ಎಂದರು. ಅವರ ಅಕ್ಕನ ಮಗಳ ಮದುವೆಯೂ ನಮ್ಮಲ್ಲೇ ಆಗಿತ್ತು, ಹಾಗಾಗಿ ಗೊತ್ತು. ನಾನು ವಿಡಿಯೋ ಕಾಲ್ ಮಾಡಿ ಫೋನನ್ನು ಅವರ ಕೈಗೆ ಕೊಟ್ಟೆ. ಮೂಡಬಿದಿರೆಯಲ್ಲಿ ಅಕ್ಕ ಒಳ್ಳೆಯ ಸೀರೆ ಉಟ್ಟು, ತಲೆಗೆ ಮಲ್ಲಿಗೆ ಮುಡಿದು ಕೂತಿದ್ದಳು. ಯಾರ ಮಗಳು, ಯಾವ ಮನೆ, ಹುಡುಗ ಎಲ್ಲಿಯವನು ಎಂದು ಪೂರಾ ವಿಚಾರಿಸಿಕೊಂಡಳು. ಗಂಟು ಹಾಕುವ ಹೊತ್ತಿಗೆ ಫೋನಿನಲ್ಲಿಯೂ ಮುಖ ಆಚೆ ತಿರುಗಿಸಿ ಕೂತಳು. ಆಮೇಲೆ ನಾನು ಫೋನ್ ಇಟ್ಟು ಬೆರಳು ಒತ್ತಿದೆ, ಅಲ್ಲಿಂದ ಹಸಿರು ಬಂತು, ಬಾಗಿಲು ತೆರೆಯಿತು, ಗಂಟು ಒಳಗೆ ಹೋಯಿತು. ತಂಗಿಯನ್ನು ನಾನು ಮೀಸೆಯಡಿಯಲ್ಲಿ ನಗುತ್ತಾ ನೋಡಿದೆ.

ಮರುದಿನ ಬೆಳಿಗ್ಗೆ ನಾನು ಅಡುಗೆ ಕಡೆ ಇದ್ದೆ. ತಿಂಡಿಗೆ ಇಡ್ಲಿ ತಣ್ಣಗೆ ಬಡಿಸಿದ್ದಕ್ಕೆ ಅಡುಗೆಯವರನ್ನು ವಿಚಾರಿಸಿಕೊಳ್ಳುತ್ತಿದ್ದೆ. ಚಿನ್ನ ತೆಗೆಯಲು ಟೀಚರನ್ನು ಕರೆದುಕೊಂಡು ಹೋದದ್ದು ತಂಗಿ. ಅವಳು ಕೆಲಸದ ಹೆಂಗಸು. ಮಾತು ಬೇಡ, ನೇರ ಬೆರಳು ಇಟ್ಟಳು. ಮೂಡಬಿದಿರೆಯಲ್ಲಿ ಅಕ್ಕನ ಫೋನು ಗುಂಯ್ ಎಂದಿತು, ಒಪ್ಪಿಗೆಯೋ ಎಂದು ಕೇಳಿತು. ಅಕ್ಕ ಏನು ಮಾಡಿದಳು? ನಮ್ಮ ಮನೆಯಲ್ಲಿ ಹುಟ್ಟಿದವರು ಏನು ಮಾಡುತ್ತಾರೋ ಅದನ್ನೇ. ಕೇಳಿದವರಿಗೆ ಹಾಗೆ ಬಾಯಿಬಿಡದೆ ಒಪ್ಪಿಗೆ ಕೊಡುವುದುಂಟೇ? ತಂಗಿಗೆ ಫೋನ್ ಮಾಡಿದಳು. ತೆಗೆಯಲು ಹೇಳಿದ್ದು ಯಾರು, ಹುಡುಗಿಯ ಅಮ್ಮ ಅಲ್ಲೇ ಇದ್ದಾರಾ, ಫೋನ್ ಅವರಿಗೆ ಕೊಡು. ಟೀಚರ್ ಫೋನಿಗೆ ಬಂದರು. ರಾತ್ರಿ ನಿದ್ರೆ ಬಂತಾ, ತಿಂಡಿ ಆಯಿತಾ, ಮಗಳು ಅಳುತ್ತಿದ್ದಾಳಾ. ಅಷ್ಟರಲ್ಲಿ ತಿಜೋರಿ ಕಾಯುವ ಸಮಯ ಮುಗಿದೇ ಹೋಯಿತು. ಒಂದು ನಿಮಿಷ ಮಾತ್ರ ಅದಕ್ಕೆ ತಾಳ್ಮೆ.

ತಂಗಿ ಹಲ್ಲು ಕಚ್ಚಿಕೊಂಡು ಪುನಃ ಬೆರಳು ಇಟ್ಟಳು. ಫೋನಿನಲ್ಲಿ ಮಾತು ನಡೆಯುತ್ತಲೇ ಇದ್ದುದರಿಂದ ಅಕ್ಕನಿಗೆ ಹಸಿರು ಕಾಣಲೇ ಇಲ್ಲ. ಮೂರನೆಯ ಸಲ ಗಡಿಬಿಡಿಯಲ್ಲಿ ಅವಳ ಬೆರಳು ಕೆಂಪಿನ ಮೇಲೆ ಬಿತ್ತು. ತಿಜೋರಿಗೆ ಅನುಮಾನ ಬಂತು. ಟಕ್ ಎಂದು ಒಳಗಿನಿಂದ ಇನ್ನೊಂದು ಬೀಗ ಹಾಕಿಕೊಂಡು, ಒಂದು ಗಂಟೆ ಯಾರನ್ನೂ ನಂಬುವುದಿಲ್ಲ ಎಂದು ಕೂತುಬಿಟ್ಟಿತು. ಮುಹೂರ್ತಕ್ಕೆ ಅರ್ಧ ಗಂಟೆ ಉಳಿದಿತ್ತು.

ನಾನು ಓಡಿ ಬಂದಾಗ ತಂಗಿ ನನ್ನನ್ನು ನೋಡಿದಳು ಅಷ್ಟೇ. ಮಾರುವವನಿಗೆ ಫೋನ್ ಹಚ್ಚಿದೆ. ಅವನು ಗಾಬರಿಯೇ ಆಗಲಿಲ್ಲ. ಏನೂ ಹೆದರಬೇಡಿ ಸರ್, ತುರ್ತಿನ ಬೀಗದ ಕೈ ಉಂಟಲ್ಲ, ಅದನ್ನು ಎಲ್ಲಿ ಇಟ್ಟಿದ್ದೀರಿ ಎಂದ.

ಎಲ್ಲಿ ಇಟ್ಟಿದ್ದೇನೆ ಎಂದು ಯಾವ ಬಾಯಿಂದ ಹೇಳಲಿ? ಬೀಗದ ಕೈ ಎಂದ ಮೇಲೆ ಅದು ಎಲ್ಲಿರಬೇಕು? ಲಕೋಟೆ ಕೈಗೆ ಬಂದ ಮರುದಿನವೇ ಹೋಗಿ ಎರಡನ್ನೂ ಅಕ್ಕನಿಗೆ ಕೊಟ್ಟು ಬಂದಿದ್ದೆ. ಅವಳು ಗೊಂಚಲಿಗೆ ಸೇರಿಸಿಕೊಂಡಿದ್ದಳು. ತಂಗಿಯೂ ಜೊತೆಯಲ್ಲೇ ಇದ್ದಳು. ಎಲ್ಲದಕ್ಕೂ ತಕರಾರು ತೆಗೆಯುವವಳು ಅದಕ್ಕೊಂದು ಮಾತು ಹೇಳಲಿಲ್ಲ, ಅವಳಿಗೂ ಬೇರೆ ಜಾಗ ಹೊಳೆದಿರಲಿಲ್ಲ. ಈಗ ವೇಣೂರಿನ ದಾರಿಯಾಗಿ ಎಷ್ಟು ಜೋರು ಬಂದರೂ ಬೀಗದ ಕೈ ಮುಹೂರ್ತಕ್ಕೆ ಮುಟ್ಟುವುದಿಲ್ಲ. ಮೂಡಬಿದಿರೆಯಲ್ಲಿ ಉಂಟು ಎಂದೆ. ಹಾಗಾದರೆ ಆ ಒಂದು ಗಂಟೆ ಕಾಯುವುದೇ ದಾರಿ ಸರ್ ಎಂದ ಮಾರುವವನು.

ಕೋಣೆಯೊಳಗೆ ಮದುಮಗಳು ಸೀರೆ ಉಟ್ಟು, ಮಲ್ಲಿಗೆ ಮುಡಿದು, ಕೊರಳಲ್ಲಿ ದಿನನಿತ್ಯದ ಒಂದೆಳೆ ಸರ ಹಾಕಿಕೊಂಡು ನಿಂತಿದ್ದಳು. ಸುತ್ತ ಅತ್ತೆಯಂದಿರು, ಚಿಕ್ಕಮ್ಮಂದಿರು ಗುಸುಗುಸು ಶುರುಮಾಡಿಯಾಗಿತ್ತು. ನನಗೆ ಬೈಯಲು ಯಾರೂ ಸಿಗಲಿಲ್ಲ. ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಒಬ್ಬಳು ತಾಯಿ ಇಡೀ ಜೀವನ ಕೂಡಿಟ್ಟದ್ದು ನಮ್ಮ ತಿಜೋರಿಯೊಳಗೆ ಕೂತಿದೆ, ಅವಳ ಮಗಳ ಧಾರೆಗೆ ಅದನ್ನು ಕೊಡಲು ನಮ್ಮಿಂದ ಆಗುತ್ತಿಲ್ಲ.

ಅಕ್ಕನ ಫೋನ್ ಬಂತು. ಅವಳಿಗೆ ಗೊತ್ತಾಗಿತ್ತು. ಅಳುತ್ತಿದ್ದಳು. ನಾನು ಸ್ಪೀಕರಿಗೆ ಹಾಕಿದ್ದು ಅವಳಿಗೆ ತಿಳಿದಿರಲಿಲ್ಲ.

"ನನ್ನಿಂದ ಆಯ್ತು. ನನ್ನ ಹೆಸರು ತೆಗ್ದುಬಿಡಿ. ಇನ್ನು ನನ್ನನ್ನು ಕೇಳ್ಬೇಡಿ."

ಅಕ್ಕ ಅಳುವುದನ್ನು ನಾನು ಬಾವ ಹೋದ ದಿನ ಬಿಟ್ಟರೆ ಕೇಳಿದವನಲ್ಲ. ಆಗ ಟೀಚರ್ ಮುಂದೆ ಬಂದು ನನ್ನ ಕೈಯಿಂದ ಫೋನ್ ತೆಗೆದುಕೊಂಡರು. ತರಗತಿಯಲ್ಲಿ ಮಾತಾಡುವ ಹಾಗೆ, ನಿಧಾನವಾಗಿ, ಕೋಣೆಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದರು.

"ಅಕ್ಕ, ಅಳ್ಬೇಡಿ. ನನ್ನನ್ನು ಕೇಳದೆ ನೀವು ತೆಗ್ದಿದ್ರೆ ನನಗೆ ಹೆದರಿಕೆ ಆಗ್ತಿತ್ತು. ಚಿನ್ನ ಒಳಗೆ ಉಂಟು. ಮದುವೆ ಆಗಿ ಬರ್ತೇವೆ, ಆಮೇಲೆ ತೆಗೆಯುವ."

ಆಮೇಲೆ ಮಗಳ ಕಡೆ ತಿರುಗಿ ಹೊರಡು ಎಂದರು. ಒಬ್ಬ ಚಿಕ್ಕಮ್ಮ ಕೊರಳಿನದ್ದು ಬಿಚ್ಚಿ ಕೊಡಲು ಬಂದರು, ಇನ್ನೊಬ್ಬರು ಬಳೆ ತೆಗೆದರು. ಮದುಮಗಳು ಯಾವುದೂ ಬೇಡ ಎಂದಳು. ಅವಳ ಮುಖದಲ್ಲಿ ದುಃಖವಿರಲಿಲ್ಲ. ನಿಜ ಹೇಳಬೇಕೆಂದರೆ ಭಾರ ಇಳಿದವಳ ಹಾಗೆ ಇದ್ದಳು. ಹಾಗೇ ಮಂಟಪಕ್ಕೆ ಹೋದಳು. ಗಂಡಿನ ಕಡೆಯ ಒಬ್ಬರು ಹಿರಿಯರು ಏನೋ ಕೇಳಿದರು. ಚಿನ್ನ ಉಂಟು, ಜೋಪಾನವಾಗಿ ಉಂಟು, ಎಷ್ಟು ಜೋಪಾನವೆಂದರೆ ನಮಗೇ ಸಿಗುತ್ತಿಲ್ಲ ಎಂದರು ಟೀಚರ್. ಹಿರಿಯರು ನಕ್ಕುಬಿಟ್ಟರು. ಅವರ ನಗು ನೋಡಿ ಉಳಿದವರೂ ನಕ್ಕರು. ಧಾರೆ ಆಯಿತು. ಟೀಚರ್ ಮಗಳ ಕೈಯ ಮೇಲೆ ನೀರು ಬೀಳುವುದನ್ನು ಕಣ್ಣು ತುಂಬ ನೋಡಿದರು. ನಾನು ಕಂಬದ ಹತ್ತಿರ ನಿಂತು ಅವರನ್ನೇ ನೋಡುತ್ತಿದ್ದೆ. ಒಂದು ಸಲವೂ ಅವರು ಆ ಕೋಣೆಯ ಕಡೆ ತಿರುಗಲಿಲ್ಲ. ಊಟಕ್ಕೆ ಕೂತು ಪಾಯಸ ಎರಡು ಸಲ ಹಾಕಿಸಿಕೊಂಡರು.

ಊಟದ ನಂತರ ಚಿನ್ನ ತೆಗೆದೆವು. ಈ ಸಲ ಮೊದಲು ಮಾತು, ಆಮೇಲೆ ಬೆರಳು. ಹಸಿರು ಕೂಡಲೇ ಬಂತು. ಟೀಚರ್ ಗಂಟು ನೋಡಿ ನನ್ನದೇ ಎಂದರು. ಮದುಮಗಳು ಎಲ್ಲವನ್ನೂ ಹಾಕಿಕೊಂಡು ಫೋಟೋ ತೆಗೆಸಿಕೊಂಡು ಗಂಡನ ಮನೆಗೆ ಹೊರಟಳು. ಹೋಗುವ ಮೊದಲು ಟೀಚರ್ ತಂಗಿಯ ಕೈ ಹಿಡಿದು ಏನೋ ಹೇಳಿದರು. ಏನು ಎಂದು ತಂಗಿ ಇವತ್ತಿಗೂ ನನಗೆ ಹೇಳಿಲ್ಲ.

ಆದರೂ ಒಪ್ಪಂದ ಒಪ್ಪಂದವೇ. ಎಡವಟ್ಟು ಆಗಿತ್ತು, ಅದೂ ಸಣ್ಣದಲ್ಲ. ಅಕ್ಕ ಎರಡು ದಿನ ಫೋನ್ ಮಾಡಲಿಲ್ಲ. ಗೊಂಚಲನ್ನು ಸೊಂಟದಿಂದ ತೆಗೆದು ಕಪಾಟಿನಲ್ಲಿ ಇಟ್ಟಿದ್ದಾಳೆ ಎಂದು ಅವಳ ಮಗಳು ತಿಳಿಸಿದಳು. ಕೇಳಿ ನನಗೆ ಊಟ ಸೇರಲಿಲ್ಲ.

ಮಾರುವವನು ಬಂದ. ಬಹಳ ನೊಂದುಕೊಂಡಿದ್ದ, ತನ್ನದೇ ಮಗಳ ಮದುವೆ ಎಂಬ ಹಾಗೆ. ಇದಕ್ಕೆ ಸುಲಭದ ದಾರಿ ಉಂಟು, ದೂರದ ಒಪ್ಪಿಗೆಯನ್ನು ತೆಗೆದುಬಿಡುವ, ಹಾಲಿನಲ್ಲಿರುವವರ ಬೆರಳಿಗೇ ತೆರೆಯುವ ಹಾಗೆ ಮಾಡುವ ಎಂದು ಲ್ಯಾಪ್‌ಟಾಪ್ ಬಿಡಿಸಿ ಕೂತ. ನಾನು ಮಾತು ಕೊಟ್ಟಿದ್ದೆ. ಕಿಟಕಿಯ ಹೊರಗೆ ನೋಡುತ್ತಾ ನಿಂತೆ.

ತಂಗಿ ಅವನ ಪಕ್ಕದ ಕುರ್ಚಿ ಎಳೆದು ಕೂತಳು. ಆ ಒಂದು ನಿಮಿಷವನ್ನು ಹೆಚ್ಚು ಮಾಡಲು ಆಗುತ್ತದೋ ಎಂದು ಕೇಳಿದಳು. ಆಗುತ್ತದೆ, ಎಲ್ಲರೂ ಇನ್ನೂ ಕಡಿಮೆ ಮಾಡಿ ಎನ್ನುತ್ತಾರೆ, ನಿಮಗೆ ಎಷ್ಟು ಬೇಕು ಮೇಡಂ ಎಂದ ಅವನು. ಅಕ್ಕ ಮಾತು ಮುಗಿಸುವಷ್ಟು ಎಂದಳು. ಅವನು ನಗೆಚಾಟಿಕೆ ಎಂದುಕೊಂಡ. ಇವಳ ಮುಖ ನೋಡಿ ನಗು ನುಂಗಿಕೊಂಡು, ಅದು ಕೊಡುವಷ್ಟು ಹೆಚ್ಚಿನ ಸಮಯವನ್ನು ಹಾಕಿದ. ಹೆಸರು ಎಂದು ಅವನು ಶುರುಮಾಡಿದ್ದಕ್ಕೆ, ಹೆಸರು ಮುಟ್ಟಬೇಡಿ ಎಂದಳು. ತುರ್ತಿನ ಬೀಗದ ಕೈಗಳಲ್ಲಿ ಒಂದನ್ನಾದರೂ ಇಲ್ಲಿ ತರಿಸುವ ಎಂದು ನಾನು ಸೇರಿಸಿದೆ. ಅದನ್ನು ಅಕ್ಕನನ್ನು ಕೇಳಿ ತರುವ ಎಂದಳು.

ತಿಜೋರಿಯಲ್ಲಿ ಏನು ಬದಲಾದರೂ ಯಜಮಾನರ ಫೋನಿಗೆ ಸುದ್ದಿ ಹೋಗುತ್ತದೆ. ಮಾರುವವನು ಲ್ಯಾಪ್‌ಟಾಪ್ ಮುಚ್ಚುವ ಮೊದಲೇ ತಂಗಿಯ ಫೋನ್ ರಿಂಗಾಯಿತು. ಮೂಡಬಿದಿರೆಯಿಂದ. ಸುದ್ದಿ ಬಂದಾಗ ಹೆಸರು ತೆಗೆದಾಯಿತು ಎಂದೇ ಅಕ್ಕ ಎಣಿಸಿದ್ದಳು. ಮೊಮ್ಮಗಳು ಓದಿ ಹೇಳಿದಳಂತೆ, ತೆಗೆದಿಲ್ಲ ಅಜ್ಜಿ, ಸಮಯ ಉದ್ದ ಮಾಡಿದ್ದಾರೆ ಎಂದು. ಯಾರು ಮಾಡಿಸಿದ್ದು, ಎಂತಕ್ಕೆ ಎಂದು ಅಕ್ಕ ಕೇಳಿದಳು.

ಎಲ್ಲದಕ್ಕೂ ಬಾಯಿಯಲ್ಲೇ ಉತ್ತರ ಇಟ್ಟುಕೊಂಡಿರುವ ನನ್ನ ತಂಗಿ ಸೆರಗಿನಿಂದ ಮೂಗು ಒರೆಸಿಕೊಂಡಳು.

"ನಾನೇ ಮಾಡಿಸಿದ್ದು ಅಕ್ಕ. ನೀನು ಹೇಳದೆ ಆ ತಿಜೋರಿ ತೆಗೆಯುವುದು ನಂಗೆ ಬೇಡ."